ಶಾಫ್ಟ್ ಬಾಯಿ ಯಾರ ವ್ಯಾಪ್ತಿಗೆ ಬರುತ್ತದೆ? ಕೆಜಿಎಫ್‌ನಿಂದ ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಗಣಿ ಸಚಿವರಿಗೆ ಮತ್ತು ಮಾನ್ಯ ರಾಜ್ಯ ಗೃಹ ಸಚಿವರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಮ್ಮೂರಿನ ಮುಚ್ಚಿದ ಚಿನ್ನದ ಗಣಿ ಕೇಂದ್ರದ್ದು. ನಮ್ಮೂರಿನ ಪೊಲೀಸ್ ರಾಜ್ಯದ್ದು. ಗಣಿ ಕಾಂಪೌಂಡಿನಲ್ಲಿ ಕಬ್ಬಿಣ ಕಳುವಾದರೆ ಅದು ಕೇಂದ್ರದ ಆಸ್ತಿ. ಕದ್ದವನು ಸಿಕ್ಕಿಬಿದ್ದರೆ ಅವನು ರಾಜ್ಯದ ಆರೋಪಿ. ಅವನು ಕದಿಯೋಕೆ ಯಾಕೆ ಹೋದ ಅನ್ನುವುದು ಮಾತ್ರ ಇಬ್ಬರ ಫೈಲಿನಲ್ಲೂ ಇಲ್ಲ.

ನಾನು ಚಾಂಪಿಯನ್‌ರೀಫ್ ಕಡೆಯವನು. ಅಪ್ಪ ಅಂಡರ್‌ಗ್ರೌಂಡ್‌ನಲ್ಲಿ ದುಡಿದವರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಬರೆಯುವುದು ಕನ್ನಡ. ನಮ್ಮೂರಲ್ಲಿ ಇದೇನೂ ವಿಶೇಷ ಅಲ್ಲ. ನನ್ನ ಕೆಲಸ ಬೆಂಗಳೂರಿನಲ್ಲಿ. ಊರು ಯಾವುದು ಅಂತ ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಅಲ್ಲಿ ರೌಡಿಸಂ ಜಾಸ್ತಿ ಅಂತೆ, ಅಲ್ವಾ?" ಸಿನಿಮಾ ನೋಡಿದವರು ನಗುತ್ತಾ ಕೇಳುತ್ತಾರೆ. ಬಾಡಿಗೆಗೆ ಮನೆ ಕೊಡುವವರು ನಗದೆ ಕೇಳುತ್ತಾರೆ.

ರೌಡಿಸಂ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಮಚ್ಚು ಹಿಡಿದವರನ್ನು ನೋಡಿದ್ದೇವೆ. ಕುಡಿದ ಜಗಳ ಕೊಲೆಯಲ್ಲಿ ಮುಗಿದದ್ದನ್ನೂ ನೋಡಿದ್ದೇವೆ. ಕತ್ತಲಾದ ಮೇಲೆ ಕೆಲವು ರಸ್ತೆಗಳಲ್ಲಿ ಹೆಣ್ಣುಮಕ್ಕಳು ಸರವನ್ನು ಸೆರಗಿನೊಳಗೆ ಸೇರಿಸಿಕೊಂಡೇ ನಡೆಯುತ್ತಾರೆ. ನಾನು ಹೇಳುವುದಿಷ್ಟೇ: ಇದು ಯಾವಾಗ ಹೆಚ್ಚಾಯಿತು ಅಂತ ಸ್ವಲ್ಪ ನೋಡಿ.

1992ರಲ್ಲಿ ಗಣಿ ನಡೆಸುತ್ತಿದ್ದ ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ರೋಗಗ್ರಸ್ತ ಕಂಪನಿ ಅನ್ನಿಸಿಕೊಂಡು, ನಷ್ಟದ ಕಂಪನಿಗಳ ಹಣೆಬರಹ ನೋಡುವ ಬಿಐಎಫ್‌ಆರ್ ಮಂಡಳಿ ಮುಂದೆ ನಿಂತಿತು. ಆ ಹೊತ್ತಿಗಾಗಲೇ ಹೊಸ ನೇಮಕ ನಿಂತುಹೋಗಿತ್ತು. ಅಪ್ಪ ರಿಟೈರ್ ಆದರೆ ಮಗ ಕೆಲಸಕ್ಕೆ ಸೇರುವ ಪದ್ಧತಿ ಇದ್ದ ಊರು ಇದು. ಮೂರು ನಾಲ್ಕು ತಲೆಮಾರು ಹಾಗೇ ನಡೆದಿತ್ತು. ಹತ್ತನೇ ತರಗತಿ ಫೇಲಾದವನಿಗೂ ಒಂದು ಲ್ಯಾಂಪು, ಒಂದು ಹೆಲ್ಮೆಟ್, ತಿಂಗಳ ಸಂಬಳ ಕಾದಿರುತ್ತಿತ್ತು. ಅದು ನಿಂತ ಮೇಲೆ ಇಪ್ಪತ್ತರ ಹುಡುಗರು ಬೀದಿ ಮೂಲೆಯಲ್ಲಿ ಉಳಿದರು. ನಮ್ಮೂರಿನ ಗ್ಯಾಂಗ್‌ಗಳ ಕಥೆ ಎಲ್ಲರ ಬಾಯಲ್ಲಿ ಓಡಾಡಿದ್ದು, ಎನ್‌ಕೌಂಟರ್ ಆಗಿದ್ದು ಅದೇ ತೊಂಬತ್ತರ ದಶಕದಲ್ಲಿ. ಹುಡುಗರ ಸ್ವಭಾವ ಒಂದೇ ದಶಕದಲ್ಲಿ ಕೆಟ್ಟುಹೋಯಿತು ಅಂತ ನಂಬೋಕೆ ನಾನು ತಯಾರಿಲ್ಲ. ಕೆಟ್ಟಿದ್ದು ಕೆಲಸ.

2001ರ ಫೆಬ್ರವರಿ 28ರಂದು ಗಣಿ ಪೂರ್ತಿ ಮುಚ್ಚಿತು. 120 ವರ್ಷದಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟ, ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿದ್ದ ಗಣಿ. ಕೊನೆಯ ದಿನ ಮಸ್ಟರ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿದ್ದರು. ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಒಂದು ಸಂಬಳ ನಿಂತರೆ ಅದರ ಹಿಂದೆ ರಾಬರ್ಟ್‌ಸನ್‌ಪೇಟೆಯ ದಿನಸಿ ಅಂಗಡಿಯ ಸಾಲದ ಪುಸ್ತಕ, ಟೈಲರ್, ಹಾಲಿನವನು, ಚೀಟಿ ನಡೆಸುವ ಅಕ್ಕ ಎಲ್ಲರೂ ಕೂತುಬಿಡುತ್ತಾರೆ. ಆಸ್ಪತ್ರೆಯೂ ಕಂಪನಿಯದೇ ಆಗಿತ್ತು, ಅದೂ ಮುಚ್ಚಿತು. ನಮ್ಮಪ್ಪನ ಎದೆಯಲ್ಲಿ ಕೂತ ಕಲ್ಲಿನ ಧೂಳು ಮಾತ್ರ ಕಂಪನಿ ಜೊತೆ ಹೋಗಲಿಲ್ಲ.

ಕೆಲಸ ಕಳೆದುಕೊಂಡವರಿಗೆ ಎಸ್‌ಟಿಬಿಪಿ ಅಂತ ಒಂದು ಪರಿಹಾರದ ಪ್ಯಾಕೇಜ್ ಕೊಟ್ಟರು. ಅದರ ಬಾಕಿ ಹಣಕ್ಕಾಗಿ ನಡೆದ ಧರಣಿಗಳನ್ನು ನೋಡುತ್ತಲೇ ಒಂದು ತಲೆಮಾರು ಬೆಳೆದಿದೆ. ಅರ್ಜಿ ಕೊಟ್ಟವರಲ್ಲಿ ಎಷ್ಟೋ ಜನ ಈಗ ಫೋಟೋ ಆಗಿದ್ದಾರೆ.

ಈಗ 2020ರ ಮೇ ತಿಂಗಳಿಗೆ ಬರುತ್ತೇನೆ. ಲಾಕ್‌ಡೌನ್ ಸಮಯ. ಬೆಂಗಳೂರಿಗೆ ಹೋಗುವ ರೈಲು ನಿಂತಿತ್ತು. ರೈಲು ನಿಂತರೆ ಕೆಜಿಎಫ್‌ಗೆ ಏನಾಗುತ್ತದೆ ಅಂತ ಹೊರಗಿನವರಿಗೆ ಅರ್ಥ ಆಗುವುದು ಕಷ್ಟ. ಗಣಿ ಮುಚ್ಚಿದ ಮೇಲೆ ಊರಿಗೆ ಅನ್ನ ಹಾಕಿದ್ದು ಮಾರಿಕುಪ್ಪಂನಿಂದ ಹೊರಡುವ ರೈಲುಗಳೇ. ಬೆಳಗಿನ ಜಾವದ ಕತ್ತಲಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ಹೊರಟ ಸಾವಿರಾರು ಜನ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಆಫೀಸು ಅಂತ ಬೆಂಗಳೂರಿನಲ್ಲಿ ಚದುರಿಹೋಗಿ ರಾತ್ರಿ ಮತ್ತೆ ಕತ್ತಲಲ್ಲೇ ಇಳಿಯುತ್ತಾರೆ. ಲಗೇಜ್ ಹಲಗೆ ಮೇಲೆ ಮಲಗುವವನ ಜಾಗವನ್ನು ಬೇರೆಯವರು ಮುಟ್ಟಲ್ಲ. ಬಂಗಾರಪೇಟೆ ಬರುವಷ್ಟರಲ್ಲಿ ಹೆಂಗಸರು ಅರ್ಧ ತರಕಾರಿ ಬಿಡಿಸಿ ಮುಗಿಸಿರುತ್ತಾರೆ. ಆ ರೈಲು ನಿಂತಿತ್ತು.

ಆ ತಿಂಗಳಲ್ಲಿ ಒಂದು ರಾತ್ರಿ ಮಾರಿಕುಪ್ಪಂ ಕಡೆಯ ಹಳೆ ಗಣಿಗೆ ಕೆಲವರು ಕದಿಯಲು ಇಳಿದರು. ಮೂವರು ಹೆಣವಾದರು. ಒಳಗೆ ಗಾಳಿ ಇರಲಿಲ್ಲ. ಪಂಪು, ಬ್ಲೋಯರ್ ಎಲ್ಲಾ 2001ರಿಂದ ನಿಂತಿವೆ. ಆಳದಲ್ಲಿ ನೀರು ತುಂಬಿದೆ, ಮೇಲಿರುವ ಗಾಳಿ ಉಸಿರಾಡುವಂಥದ್ದಲ್ಲ. ಇದು ಗಣಿ ಕೆಲಸ ಮಾಡಿದ ಯಾವ ಮುದುಕನನ್ನು ಕೇಳಿದರೂ ಗೊತ್ತಿತ್ತು. ಕೆಲಸ ಗೊತ್ತಿದ್ದ ತಲೆಮಾರು ಮನೆಯಲ್ಲಿ ಕೆಮ್ಮುತ್ತಾ ಕೂತಿತ್ತು, ಕೆಲಸ ಗೊತ್ತಿಲ್ಲದವರು ಇಳಿದರು.

ಪೇಪರಿನಲ್ಲಿ ಎರಡು ದಿನ ಸುದ್ದಿ ಬಂತು. ಕೇಸಾಯಿತು. ಆಮೇಲೆ?

ಆಮೇಲೆ ಏನಾಯಿತು ಅಂತ ನೋಡಬೇಕಾದರೆ ಯಾವುದಾದರೂ ಹಳೆ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿಯ ಹತ್ತಿರ ಹಗಲಲ್ಲೇ ಹೋಗಿ. ಅದರ ಮೇಲೆ ನಿಂತ ಕಬ್ಬಿಣದ ಗೋಪುರದ, ಅಂದರೆ ಹೆಡ್‌ಗೇರ್‌ನ ಕಾಲುಗಳು ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿವೆ. ಅಡ್ಡಪಟ್ಟಿಗಳು ಇದ್ದ ಜಾಗದಲ್ಲಿ ಬರೀ ಬೋಲ್ಟಿನ ತೂತುಗಳು. ಕೆಲವು ಕಡೆ ತುಕ್ಕಿನ ನಡುವೆ ಬೆರಳಗಲದಷ್ಟು ಕಬ್ಬಿಣ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅದು ಮೊನ್ನೆ ಮೊನ್ನೆ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದ ಜಾಗ. ಮಳೆ ಬಂದು ಅದೂ ಕಂದಾಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಹೊಳೆಯುತ್ತದೆ. ಪೊಲೀಸರು ಬೀಟ್ ಹೋಗಿದ್ದಾರೋ ಇಲ್ಲವೋ ಅಂತ ರಿಜಿಸ್ಟರ್ ನೋಡಬೇಕಾಗಿಲ್ಲ, ಇದನ್ನು ನೋಡಿದರೆ ಸಾಕು. ಆ ಕಬ್ಬಿಣ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಕೊಯ್ದವನಿಗೆ ಒಂದು ದಿನದ ಕೂಲಿ ಸಿಗುತ್ತದೆ. ಕೊಂಡವನಿಗೆ ಲಾಭ. ಮಚ್ಚು ಬರುವುದು ಇವರಿಬ್ಬರ ನಡುವೆ: ಯಾವ ಜಾಗ ಯಾರದ್ದು, ಯಾರ ಮಾಲು ಯಾವ ಗುಜರಿಗೆ, ಯಾರು ಮಾಹಿತಿ ಕೊಟ್ಟಿದ್ದು. ಹಿಡಿಯುವುದು ಮಾತ್ರ ಯಾವಾಗಲೂ ಕೊಯ್ದವನನ್ನೇ.

ಗೃಹ ಸಚಿವರೇ, ನಮ್ಮೂರಿಗೆ ಪೊಲೀಸರು ಕಡಿಮೆ ಆಗಿದ್ದಾರೆ ಅಂತ ಇತಿಹಾಸದಲ್ಲೇ ಯಾರೂ ಹೇಳುವಂತಿಲ್ಲ. ಕೋಲಾರ ಒಂದೇ ಕಂದಾಯ ಜಿಲ್ಲೆ, ಆದರೆ ಎಸ್‌ಪಿಗಳು ಇಬ್ಬರು. ಒಬ್ಬರು ಕೋಲಾರಕ್ಕೆ, ಒಬ್ಬರು ನಮಗೇ ಅಂತ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಉರಿಗಾಂ, ಚಾಂಪಿಯನ್‌ರೀಫ್, ಮಾರಿಕುಪ್ಪಂ ಅಂತ ಕೂಗಳತೆ ದೂರದಲ್ಲಿ ಒಂದೊಂದು ಠಾಣೆ. ಈ ವ್ಯವಸ್ಥೆಯ ಬೇರು ಹಳೆಯದು. 1897ರಲ್ಲೇ ಮೈಸೂರು ಸಂಸ್ಥಾನ ಗಣಿಗೆಂದೇ ಒಂದು ಕಾನೂನು ಮಾಡಿ ಚಿನ್ನದ ಕಳ್ಳತನವನ್ನು ವಿಶೇಷ ಅಪರಾಧ ಅಂತ ನೋಡಿತು. 1930ರಲ್ಲಿ ಎಲ್ಲಾ ಕೂಲಿಗಳ ಬೆರಳಚ್ಚು ತೆಗೆದು ರಿಜಿಸ್ಟರ್ ಮಾಡಿಸಲು ಹೊರಟಾಗ ಕಾರ್ಮಿಕರು ಕೆಲಸ ನಿಲ್ಲಿಸಿ ಕೂತರು. ನಾವೇನು ಕಳ್ಳರಾ ಅಂತ. 1946ರ ನವೆಂಬರ್ 4ರಂದು ಪೊಲೀಸ್ ಗುಂಡಿಗೆ ಆರು ಕಾರ್ಮಿಕರು ಸತ್ತರು. ಊರು ಇವತ್ತಿಗೂ ಅವರನ್ನು ನೆನೆಯುತ್ತದೆ.

ಬ್ರಿಟಿಷ್ ಕಂಪನಿ ಇದ್ದಾಗ ನಮ್ಮ ಜನ ಚಿನ್ನ ಕದಿಯಬಹುದು ಅನ್ನುವ ಅನುಮಾನ. ಕಂಪನಿ ಹೋದ ಮೇಲೆ ಕಬ್ಬಿಣ ಕದಿಯಬಹುದು ಅನ್ನುವ ಅನುಮಾನ. ಅನುಮಾನ ಒಂದೇ ನಮ್ಮೂರಲ್ಲಿ ಪರ್ಮನೆಂಟ್ ನೌಕರಿ.

ಪೊಲೀಸರು ಬೇಡ ಅಂತ ನಾನು ಹೇಳುತ್ತಿಲ್ಲ. ರಾತ್ರಿ ರೈಲು ಇಳಿದು ಬರುವ ಹೆಣ್ಣುಮಕ್ಕಳನ್ನು ಕೇಳಿ, ಇನ್ನೊಂದು ಗಸ್ತು ಬೇಕು ಅಂತಲೇ ಹೇಳುತ್ತಾರೆ. ನನ್ನ ತಕರಾರು ಬೇರೆ. ನಮ್ಮ ಲೈನ್ ಮನೆಗಳ ಸಾಲಿನಲ್ಲೊಬ್ಬ ಹುಡುಗ ಇದ್ದಾನೆ. ಹೆಸರು ಬೇಡ. ಹತ್ತೊಂಬತ್ತರಲ್ಲಿ ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದ. ಅವನದ್ದೂ ತಪ್ಪಿತ್ತು, ಇಲ್ಲ ಅನ್ನಲ್ಲ. ಶಾಂತಿ ಕಾಪಾಡುತ್ತೇನೆ ಅಂತ ಮುಚ್ಚಳಿಕೆ ಬರೆಸಿಕೊಳ್ಳುವ ಸೆಕ್ಷನ್ 107 ಹಾಕಿದರು, ಆಮೇಲೆ ರೌಡಿ ಶೀಟ್ ತೆರೆದರು. ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು, ಶೀಟ್ ಮಾತ್ರ ಹಾಗೇ ಉಳಿಯಿತು. ಬೆಂಗಳೂರಿನ ಒಂದು ಸೆಕ್ಯೂರಿಟಿ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತ್ತು, ಅಳತೆಗೆ ಯೂನಿಫಾರ್ಮೂ ಹೊಲಿಸಿದ್ದರು. ಪೊಲೀಸ್ ವೆರಿಫಿಕೇಶನ್ ಕೇಳಿದರು. ಅಲ್ಲಿಗೆ ಮುಗಿಯಿತು. ಹಬ್ಬ ಬಂದರೆ, ಚುನಾವಣೆ ಬಂದರೆ ಠಾಣೆ ಮುಂದೆ ಪರೇಡಿಗೆ ಮಾತ್ರ ತಪ್ಪದೆ ಕರೆಯುತ್ತಾರೆ. ಈಗ ಅವನು ರಾತ್ರಿ ಹೊತ್ತು ಏನು ಮಾಡುತ್ತಾನೆ ಅಂತ ನಾನು ಕೇಳಲ್ಲ, ಅವನೂ ಹೇಳಲ್ಲ. ಅವನ ತಾಯಿ ಮಾತ್ರ ಒಂದು ದಿನ ಹೇಳಿದರು, "ತಂಬಿ, ಅವನಿಗೆ ಕಳ್ಳ ಅನ್ನೋ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಬೇರೆ ಯಾವ ಸರ್ಟಿಫಿಕೇಟೂ ಅವನ ಹತ್ರ ಇಲ್ಲ."

ಕೈಬಿಟ್ಟ ಚಿನ್ನದ ನೆಲಕ್ಕೆ ಬರೀ ಪೊಲೀಸರನ್ನು ಕಳಿಸಿದರೆ ಕಥೆ ಎಲ್ಲಿಗೆ ಮುಟ್ಟುತ್ತದೆ ಅಂತ ತಿಳಿಯಲು ದಕ್ಷಿಣ ಆಫ್ರಿಕಾ ನೋಡಿ. ಆಳದ ಚಿನ್ನದ ಗಣಿ ಅಂದರೆ ಜಗತ್ತು ನಮ್ಮಿಬ್ಬರ ಹೆಸರನ್ನು ಒಟ್ಟಿಗೆ ಹೇಳುತ್ತಿದ್ದ ಕಾಲ ಇತ್ತು. ಅಲ್ಲಿ ಕೈಬಿಟ್ಟ ಗಣಿಗಳೇ ಆರು ಸಾವಿರದಷ್ಟಿವೆ. ಕಂಪನಿಗಳು ಕೆಲಸಗಾರರನ್ನು ಮನೆಗೆ ಕಳಿಸಿದ ಮೇಲೆ ಅದೇ ಸುರಂಗಗಳಿಗೆ ಕದ್ದು ಇಳಿಯುವವರು ಹುಟ್ಟಿಕೊಂಡರು. ಅಲ್ಲಿ ಅವರನ್ನು ಝಾಮಾ ಝಾಮಾ ಅಂತಾರೆ. ಲೆಸೊಥೊ, ಮೊಝಾಂಬಿಕ್, ಜಿಂಬಾಬ್ವೆಯ ಬಡವರೂ ಬಂದು ಸೇರಿದರು. ಅವರ ಮೇಲೆ ಬಂದೂಕು ಹಿಡಿದ ಸಿಂಡಿಕೇಟುಗಳು ಕೂತವು. ಯಾರು ಇಳಿಯಬೇಕು, ಊಟಕ್ಕೆ ಎಷ್ಟು ಕೊಡಬೇಕು, ಯಾವಾಗ ಮೇಲೆ ಬರಬೇಕು ಎಲ್ಲವನ್ನೂ ಬಂದೂಕೇ ಹೇಳುವಂತಾಯಿತು.

2022ರ ಜುಲೈನಲ್ಲಿ ಕ್ರೂಗರ್ಸ್‌ಡಾರ್ಪ್ ಬಳಿಯ ಗಣಿ ದಿಬ್ಬದಲ್ಲಿ ವಿಡಿಯೋ ಚಿತ್ರೀಕರಣಕ್ಕೆ ಬಂದಿದ್ದ ಎಂಟು ಹೆಣ್ಣುಮಕ್ಕಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ದೇಶ ಹೊತ್ತಿ ಉರಿಯಿತು. ಇದು ಝಾಮಾ ಝಾಮಾಗಳದ್ದೇ ಕೆಲಸ ಅಂತ ಸುತ್ತಲಿನ ಜನ ಅವರನ್ನು ಹುಡುಕಿ ಹೊಡೆದರು. ಪೊಲೀಸರು ಎಂಬತ್ತಕ್ಕೂ ಹೆಚ್ಚು ಜನರನ್ನು ಹಿಡಿದರು. ಅತ್ಯಾಚಾರದ ಆರೋಪ ಹೊರಿಸಿದ್ದ ಹದಿನಾಲ್ಕು ಮಂದಿಗೂ ಘಟನೆಗೂ ಡಿಎನ್‌ಎ ತಾಳೆಯಾಗದೆ ಕೇಸು ಕೈಬಿಡಬೇಕಾಯಿತು. ಅಲ್ಲಿಗೆ ಆ ಹೆಣ್ಣುಮಕ್ಕಳಿಗೂ ನ್ಯಾಯ ಸಿಗಲಿಲ್ಲ. ಸಿಕ್ಕಸಿಕ್ಕವರನ್ನು ಹಿಡಿದಿದ್ದರಿಂದ ಯಾರಿಗೆ ಏನು ಬಂತು?

ಆಮೇಲೆ ಸ್ಟಿಲ್‌ಫಾಂಟೇನ್. ಎರಡು ಕಿಲೋಮೀಟರ್‌ಗೂ ಆಳದ ಹಳೆ ಶಾಫ್ಟ್. 2024ರಲ್ಲಿ ಪೊಲೀಸರು ಮೇಲೆ ಕಾವಲು ನಿಂತು ಕೆಳಗೆ ಹೋಗುವ ಊಟ, ನೀರು ತಡೆದರು. ಹಸಿದವರು ತಾವಾಗಿ ಮೇಲೆ ಬರುತ್ತಾರೆ, ಬಂದವರನ್ನು ಹಿಡಿಯೋಣ ಅನ್ನುವ ಲೆಕ್ಕ. ಹೊಗೆ ಹಾಕಿದ ಹಾಗೆ ಹೊರಗೆ ಬರಿಸುತ್ತೇವೆ ಅಂತ ಒಬ್ಬ ಸಚಿವೆಯೇ ಹೇಳಿದರು. ಕೊನೆಗೆ ಕೋರ್ಟ್ ಹೇಳಿದ ಮೇಲೆ 2025ರ ಜನವರಿಯಲ್ಲಿ ಪಂಜರ ಇಳಿಸಿ ಜನರನ್ನು ಎತ್ತಿದರು. 246 ಮಂದಿ ಜೀವಂತ ಬಂದರು. ಜೊತೆಗೆ 78 ಹೆಣ ಬಂದವು. ಆ ವಿಡಿಯೋಗಳನ್ನು ನಮ್ಮ ರೈಲಿನಲ್ಲಿ ಒಬ್ಬರ ಫೋನಿಂದ ಒಬ್ಬರ ಫೋನಿಗೆ ಕಳಿಸಿಕೊಂಡು ನೋಡಿದೆವು. ಪಂಜರದಲ್ಲಿ ಕೂತವರ ಮೂಳೆ ಎಣಿಸಬಹುದಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೋಡಿ, "ಹಗ್ಗ ಸರಿಯಾಗಿ ಕಟ್ಟಿಲ್ಲ ಕಣಪ್ಪಾ" ಅಂದರು. ಅವರು ನಮ್ಮ ಗಣಿಯಲ್ಲಿ ಪಂಜರ ಇಳಿಸಿ ಎತ್ತುವ ವೈಂಡಿಂಗ್ ಎಂಜಿನ್ ಕಡೆ ಕೆಲಸ ಮಾಡಿದವರು.

ನಮ್ಮಲ್ಲಿ ಅಷ್ಟು ದೊಡ್ಡ ಗ್ಯಾಂಗುಗಳಿಲ್ಲ, ಎಕೆ-47 ಇಲ್ಲ, ನೂರಾರು ಜನ ಕೆಳಗಿಳಿದು ತಿಂಗಳುಗಟ್ಟಲೆ ಕೂತಿಲ್ಲ. ನಮ್ಮ ಶಾಫ್ಟ್‌ಗಳಲ್ಲಿ ನೀರು ತುಂಬಿರುವುದೂ ಅದಕ್ಕೆ ಒಂದು ಕಾರಣ ಇರಬಹುದು. ಹೋಲಿಕೆ ಅಷ್ಟಕ್ಕಷ್ಟೇ. ಆದರೆ ಚಿನ್ನದ ಬೆಲೆ ಈಗ ಎಲ್ಲಿದೆ ಅಂತ ಸಚಿವರಿಗೆ ನಾನು ಹೇಳಬೇಕಾಗಿಲ್ಲ. ಬೆಲೆ ಏರಿದಷ್ಟೂ ಇಳಿಯುವವನ ಧೈರ್ಯವೂ ಏರುತ್ತದೆ.

ಗಣಿ ಸಚಿವರೇ, ಇನ್ನು ತಮಗೆ. ಗಣಿ ಮುಚ್ಚುವಾಗ ಹೇಗೆ ಮುಚ್ಚಬೇಕು, ಅದಕ್ಕೆ ಹಣ ಎಲ್ಲಿ ಇಡಬೇಕು ಅಂತ ಯೋಜನೆ ಮಾಡಲೇಬೇಕೆಂಬ ನಿಯಮ ಈ ದೇಶದಲ್ಲಿ ಬಂದದ್ದು 2003ರಲ್ಲಿ. ನಮ್ಮ ಗಣಿ ಎರಡು ವರ್ಷ ಮೊದಲೇ ಮುಚ್ಚಿಕೊಂಡಿತ್ತು. ಗಣಿ ಪ್ರದೇಶದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು 2015ರಲ್ಲಿ. ಅದಕ್ಕೆ ದುಡ್ಡು ಬರುವುದು ನಡೆಯುತ್ತಿರುವ ಗಣಿಗಳ ರಾಯಲ್ಟಿ ಮೇಲೆ. ಸತ್ತ ಗಣಿಯಿಂದ ಏನು ಬರುತ್ತದೆ? ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆ ಗಣಿಯಿಂದ ಹಾಳಾದ ಊರುಗಳನ್ನು ಸರಿಮಾಡಲು ಸುಪ್ರೀಂ ಕೋರ್ಟ್ ಕಣ್ಗಾವಲಿನಲ್ಲಿ ಸಾವಿರಾರು ಕೋಟಿ ರೂಪಾಯಿ ಕೂಡಿದೆ. ಅವರಿಗೆ ಸಿಗಬಾರದು ಅಂತ ಹೇಳುತ್ತಿಲ್ಲ, ಅವರ ಧೂಳು ಅವರಿಗೇ ಗೊತ್ತು. ಆದರೆ ಆ ಕಡೆಗೆ ಅಷ್ಟು, 120 ವರ್ಷ ಅಗೆದ ನಮ್ಮ ಕಡೆಗೆ ಸೊನ್ನೆ. ಬೇಗ ಸತ್ತಿದ್ದೇ ನಮ್ಮ ಗಣಿಯ ತಪ್ಪಾಯಿತು ಅನ್ನಿಸುತ್ತದೆ.

ಈಗ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಗುಡ್ಡಗಳ ವಿಷಯ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಹದಿಮೂರು ದಿಬ್ಬ, ಸುಮಾರು 1,003 ಎಕರೆ. ಅಲ್ಲಿರುವ ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿಯಲ್ಲಿ ಉಳಿದ ಚಿನ್ನ ತೆಗೆಯುವ ಯೋಚನೆ. ಸಂಪುಟ ಒಪ್ಪಿದ ದಿನ ಸ್ಥಳೀಯರಿಗೆ ಉದ್ಯೋಗ ಸಿಗುತ್ತದೆ ಅಂದರು. ಒಳ್ಳೆಯ ಮಾತು. ಆದರೆ 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿಗೆ ದಾರಿ ಬಿಟ್ಟಾಗಲೂ ನಾವು ಇದೇ ಮಾತು ಕೇಳಿ ಪಟಾಕಿ ಹೊಡೆದಿದ್ದೆವು. ದಿಬ್ಬದ ಪುಡಿ ಎತ್ತುವ ಕೆಲಸ ಯಂತ್ರದ್ದು. ಜೆಸಿಬಿ, ಟಿಪ್ಪರ್, ಪೈಪು, ಟ್ಯಾಂಕು. ಗುತ್ತಿಗೆದಾರ ಹೊರಗಿನಿಂದ ಡ್ರೈವರ್ ಸಮೇತ ಬಂದರೆ ಊರಿನವರಿಗೆ ಉಳಿಯುವುದು ಧೂಳು ಒಂದೇ. ಬೇಸಿಗೆಯಲ್ಲಿ ಗಾಳಿ ಬೀಸಿದಾಗ ಅದು ಈಗಾಗಲೇ ಅನ್ನದ ತಟ್ಟೆಗೆ ಬಂದು ಕೂರುತ್ತಿದೆ.

ಜೊತೆಗೆ ಇನ್ನೊಂದು ಭಯ. ದಿಬ್ಬದಲ್ಲಿ ಚಿನ್ನ ಇದೆ ಅಂತ ಸರಕಾರವೇ ಹೇಳಿ ಟೆಂಡರ್ ಕರೆದು, ಕೆಲಸ ಮಾತ್ರ ಹೊರಗಿನವರಿಗೆ ಕೊಟ್ಟರೆ ರಾತ್ರಿ ಅಲ್ಲಿ ಏನಾಗುತ್ತದೆ? ಕಾವಲಿನವನು ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಕಾವಲಿನವನೂ ತಿಂಗಳಿಗೆ ಕೆಲವೇ ಸಾವಿರ ಎಣಿಸುವವನು. ಇಬ್ಬರಲ್ಲಿ ಯಾರಾದರೊಬ್ಬರ ತಲೆ ಒಡೆಯುತ್ತದೆ. ಬೆಳಿಗ್ಗೆ ಎಫ್‌ಐಆರ್, ಮಧ್ಯಾಹ್ನ ಟಿವಿಯಲ್ಲಿ "ಕೆಜಿಎಫ್‌ನಲ್ಲಿ ಮತ್ತೆ ನೆತ್ತರು". ಇದನ್ನು ಭವಿಷ್ಯ ಅಂತ ಹೇಳುತ್ತಿಲ್ಲ, ಕಬ್ಬಿಣದ ವಿಷಯದಲ್ಲಿ ಆಗುತ್ತಿರುವುದನ್ನೇ ಹೇಳುತ್ತಿದ್ದೇನೆ.

ಹಾಗಾಗಿ ಟೆಂಡರ್ ಷರತ್ತುಗಳನ್ನು ಬರೆಯುವ ಮೊದಲು ಇಬ್ಬರೂ ಒಂದು ಕಡೆ ಕೂತುಕೊಳ್ಳಿ. ಮಾಜಿ ಕಾರ್ಮಿಕರ ಮನೆಯ ಮಕ್ಕಳಿಗೆ ಎಷ್ಟು ಕೆಲಸ, ಯಾವ ಕೆಲಸ, ಎಷ್ಟು ಸಂಬಳ ಅಂತ ಷರತ್ತಿನಲ್ಲೇ ಬರೆಯಿರಿ, ಭಾಷಣದಲ್ಲಿ ಬೇಡ. ಟಿಪ್ಪರ್ ಓಡಿಸುವುದನ್ನು, ಪ್ಲಾಂಟ್ ನಡೆಸುವುದನ್ನು ಕಲಿಸಲು ಊರಲ್ಲೇ ತರಬೇತಿ ಕೊಡಿ. ಬೆಮಲ್ ಇರುವ ಊರಿನಲ್ಲಿ ಯಂತ್ರ ಗೊತ್ತಿರುವವರಿಗೆ ಬರ ಇಲ್ಲ. ಕೇಸು ಬಿದ್ದುಹೋದವನ ರೌಡಿ ಶೀಟ್ ಮುಚ್ಚಿ, ಅದನ್ನು ಕೆಲಸದ ಅರ್ಜಿಗೆ ಅಡ್ಡ ತರಬೇಡಿ. ಕೊಲೆ ಮಾಡಿದವನಿಗೆ ಶಿಕ್ಷೆ ಆಗಲಿ, ಅದರಲ್ಲಿ ರಾಜಿ ಕೇಳುತ್ತಿಲ್ಲ. ಕದ್ದ ಕಬ್ಬಿಣ ಕೊಳ್ಳುವ ಗುಜರಿಗಳ ಲೆಕ್ಕಪುಸ್ತಕ ಒಮ್ಮೆ ತೆರೆಸಿ ನೋಡಿ. ಇದಕ್ಕೆ ಹೊಸ ಸಿಬ್ಬಂದಿ ಬೇಕಾಗಿಲ್ಲ, ಇರುವ ಸಿಬ್ಬಂದಿಗೆ ಆದೇಶ ಸಾಕು.

ಎಲ್ಲಕ್ಕಿಂತ ಮೊದಲು ಶಾಫ್ಟ್‌ಗಳು. ಯಾವ ಶಾಫ್ಟ್ ಎಲ್ಲಿದೆ, ಅದರ ಬಾಯಿ ಮುಚ್ಚಿದೆಯೋ ತೆರೆದಿದೆಯೋ, ಯಾರ ಜವಾಬ್ದಾರಿ ಅಂತ ಒಂದು ಪಟ್ಟಿ ಮಾಡಿ ನಗರಸಭೆಯ ಗೋಡೆಗೆ ಅಂಟಿಸಿ. ಪಟ್ಟಿ ಮಾಡಲು ಕನ್ಸಲ್ಟೆಂಟ್ ಹುಡುಕಬೇಡಿ. ಯಾವ ಲೆವೆಲ್‌ನಲ್ಲಿ ಯಾವ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣು ಮುಚ್ಚಿ ಹೇಳುವವರು ನಮ್ಮ ಲೈನ್ ಮನೆಗಳ ಜಗಲಿಯಲ್ಲಿ ಇನ್ನೂ ಕೂತಿದ್ದಾರೆ. ದಿನಗೂಲಿ ಕೊಟ್ಟು ಅವರನ್ನು ಜೀಪಿನಲ್ಲಿ ಕೂರಿಸಿಕೊಳ್ಳಿ. ಬೇಗ ಬನ್ನಿ, ವರ್ಷ ವರ್ಷಕ್ಕೆ ಅವರ ಸಂಖ್ಯೆ ಕಡಿಮೆಯಾಗುತ್ತಿದೆ.

ಇನ್ನೊಂದು ಮಾತು. ದಿಬ್ಬಗಳ ಬಗ್ಗೆ ಜನರ ಅಹವಾಲು ಸಭೆ ಕರೆಯುವುದಾದರೆ ದಯವಿಟ್ಟು ಭಾನುವಾರ ಕರೆಯಿರಿ. ಬೇರೆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಟ್ಟರೆ, ಮಾತಾಡಬೇಕಾದವರೆಲ್ಲ ಬೆಂಗಳೂರಿನಲ್ಲಿ ಯಾರದ್ದೋ ಗೇಟ್ ಕಾಯುತ್ತಿರುತ್ತಾರೆ.

ಇಂತಿ,
ಚಾಂಪಿಯನ್‌ರೀಫ್ ಲೈನ್ ಮನೆಯ ಒಬ್ಬ ನಿವಾಸಿ
ಕೆಜಿಎಫ್